ಹೂಂ ನಡೆಯುವುದಿಲ್ಲ

ಎರಡು ಸಾವಿರದ ಹತ್ತೊಂಬತ್ತನೆಯ ಇಸವಿ ನವೆಂಬರ್ ಹದಿನೇಳು, ಭಾನುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಅವನು ಸೋಫಾ ರಿಪೇರಿ ಅಂಗಡಿಯ ಅರ್ಧ ಎಳೆದ ಷಟರಿನ ಮುಂದೆ ನಿಂತು, ಬಾಯಿ ಬಿಡದೆ, ಒಂದು ವಾಕ್ಯವನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದ. ‘ನಾನು ನೋಡೋಕೆ ಬರ್ತಿರೋನಲ್ಲ, ಕಟ್ಟಿಸ್ಕೊಳ್ಳೋಕೆ ಬರ್ತಿರೋನು, ನನ್ನ ಮಾತು ತಡ ಆಗುತ್ತೆ, ಮನಸ್ಸು ತಡ ಆಗಲ್ಲ.’ ಇಷ್ಟೇ. ಬೆಳಿಗ್ಗೆ ಸ್ನಾನದ ಮನೆಯಲ್ಲಿ ಈ ವಾಕ್ಯ ನೀರಿನ ಹಾಗೆ ಹರಿದಿತ್ತು. ಸ್ನಾನದ ಮನೆಯಲ್ಲಿ ಯಾವ ವಾಕ್ಯವೂ ಅವನಿಗೆ ಎಂದೂ ಕೈಕೊಟ್ಟಿಲ್ಲ. ಬಕೆಟ್ಟಿನ ಮುಂದೆ ಅವನು ಎಂಥೆಂಥ ಭಾಷಣಗಳನ್ನು ಮಾಡಿದ್ದಾನೆ. ಕೈಕೊಡುವುದು ಎದುರಿಗೆ ಒಂದು ಮುಖ ಬಂದು, ಆ ಮುಖ ಕಾಯತೊಡಗಿದಾಗ. ಆಗ ಗಂಟಲಿನಲ್ಲಿ ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡಂತಾಗುತ್ತದೆ. ಬೇರೆ ಉಗ್ಗುವವರ ಹಾಗೆ ಮೊದಲ ಅಕ್ಷರ ಮತ್ತೆ ಮತ್ತೆ ಬರುವುದೂ ಇಲ್ಲ. ಬರೀ ಮೌನ, ಉಬ್ಬಿದ ಕತ್ತಿನ ನರ, ನೆಲ ಬಡಿಯುವ ಬಲಗಾಲು. ನೋಡಿದವರಿಗೆ ಅದು ಯೋಚಿಸುತ್ತಿರುವವನ ಹಾಗೆ, ಹಿಂಜರಿಯುತ್ತಿರುವವನ ಹಾಗೆ, ಸುಳ್ಳು ಹುಡುಕುತ್ತಿರುವವನ ಹಾಗೆ ಕಾಣುತ್ತದೆ. ನಲವತ್ತೆರಡು ವರ್ಷಗಳಲ್ಲಿ ಈ ಮೂರನ್ನೂ ಅವನು ಬೇರೆ ಬೇರೆ ಬಾಯಿಂದ ಕೇಳಿದ್ದಾನೆ.

ಜೇಬಿನಲ್ಲಿ ಫೋನು ಅದುರಿತು. ಅಕ್ಕ. ಅಕ್ಕನ ಫೋನೆಂದರೆ ಅವನು ಕಷ್ಟಪಡಬೇಕಾದ್ದು ಏನೂ ಇಲ್ಲ. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ಊಟ ಆಯ್ತಾ ಎಂದು ಕೇಳಿ, ಆಗಿರುತ್ತೆ ಬಿಡು ಎಂದಳು. ನಿನ್ನ ಹೊಸ ಬಾಡಿಗೆ ಮನೆಗೆ ಪರದೆ ಬಟ್ಟೆ ನೋಡಿದೆ, ನಿನಗೆ ಕಂದು ಬಣ್ಣ ಇಷ್ಟ ಅಲ್ವಾ, ಅದನ್ನೇ ಕತ್ತರಿಸಿಬಿಟ್ಟೆ ಎಂದಳು. ಅವನಿಗೆ ಕಂದು ಬಣ್ಣ ಯಾವತ್ತೂ ಇಷ್ಟವಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಸೈಕಲ್ ಅಂಗಡಿಯಲ್ಲಿ ಹಸಿರು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದ. ಯಾವ್ದು ಬೇಕೋ ಮರಿ ಎಂದು ಅಂಗಡಿಯವನು ಬಗ್ಗಿ ಕೇಳಿದಾಗ ಚಿಲಕ ಬಿತ್ತು. ಅಂಗಡಿಯವನ ಮುಖದಲ್ಲಿ ನಗು ಮೂಡುವ ಮುಂಚೆ ಅಕ್ಕ ಓಡಿಬಂದು ನೀಲಿ ಎಂದಳು. ಅವನು ತಲೆಯಾಡಿಸಿದ. ಅವಳು ಅವನನ್ನು ಆ ನಗುವಿನಿಂದ ಕಾಪಾಡಿದ್ದಳು, ಅದಕ್ಕೇ ಅವನು ಅವಳ ಮೇಲೆ ಸಿಟ್ಟಾಗುವುದನ್ನು ಕಲಿಯಲೇ ಇಲ್ಲ. ಆ ನೀಲಿ ಸೈಕಲ್ಲನ್ನು ಹತ್ತನೆಯ ತರಗತಿಯವರೆಗೆ ತುಳಿದ. "ಇವತ್ತೂ ಆ ಚೆಸ್ಸಾ?" ಎಂದಳು ಅಕ್ಕ ಈಗ. "ಹೋಗು ಹೋಗು. ಬಾಯಿಗೆ ಕೆಲಸಾನೇ ಇಲ್ಲದ ಆಟ, ನಿನಗೆ ಹೇಳಿ ಮಾಡಿಸಿದ್ದು." ಫೋನು ಇಟ್ಟಳು. ಭಾನುವಾರಗಳಲ್ಲಿ ತಾನು ಹೋಗುವುದು ಚೆಸ್ ಆಡಲಿಕ್ಕೆ ಎಂದು ಅವನು ಅವಳಿಗೆ ಎಂದೂ ಹೇಳಿರಲಿಲ್ಲ. ಅದನ್ನೂ ಅವಳೇ ಊಹಿಸಿದ್ದಳು, ಅವನು ತಲೆಯಾಡಿಸಿದ್ದ.

ಬಗ್ಗಿ ಒಳಗೆ ಹೋದರೆ ಗೋಂದು, ಫೋಮು, ಸೆಣಬಿನ ಪಟ್ಟಿಗಳ ವಾಸನೆ. ಹೊಟ್ಟೆ ಬಗೆದ ಸೋಫಾಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ದೊಡ್ಡ ಕೋಣೆಗೆ ಬರಬೇಕು. ಅಲ್ಲಿ ತಿಂಗಳಿಗೆ ಎರಡು ಭಾನುವಾರ ಕೂಟ ಸೇರುತ್ತದೆ: ಒಬ್ಬರನ್ನೊಬ್ಬರು ಹಗ್ಗದಿಂದ ಕಟ್ಟಲು, ಕಟ್ಟಿಸಿಕೊಳ್ಳಲು ಬಯಸುವ ವಯಸ್ಕರು, ಒಂದು ಡಜನ್ ಜನ. ಕೆಲವರಿಗೆ ಅದರಲ್ಲಿ ಕಾಮವಿದೆ, ಕೆಲವರಿಗೆ ನೋವಿನ ಒಂದು ರುಚಿ, ಇನ್ನು ಕೆಲವರಿಗೆ ಬರೀ ನಿಶ್ಚಲತೆ. ಯಾಕೆ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ನಿಜವಾದ ಹೆಸರುಗಳೂ ಇಲ್ಲ. ಅಂಗಡಿಯ ಒಡತಿ ಸೋಫಾ ಆಂಟಿ; ಅರವತ್ತರ ಹತ್ತಿರದವಳು, ಸ್ಪ್ರಿಂಗುಗಳನ್ನು ಹುರಿಯಿಂದ ಎಂಟು ದಿಕ್ಕಿಗೆ ಬಿಗಿದು ಬಿಗಿದು ಪಳಗಿದ ಕೈ, ಕೂಟದಲ್ಲಿ ಅವಳಷ್ಟು ಚೆನ್ನಾಗಿ ಕಟ್ಟುವವರು ಇನ್ನೊಬ್ಬರಿಲ್ಲ. ಎಲ್ಲ ನಡೆಸುವವನು ನರ್ಸಣ್ಣ, ಆಸ್ಪತ್ರೆಯಲ್ಲಿ ನರ್ಸು; ಕಟ್ಟಿಸಿಕೊಂಡವರ ಬೆರಳಿನ ಉಗುರು ಒತ್ತಿ, ರಕ್ತ ವಾಪಸು ಬರುವುದನ್ನು ಕೈಗಡಿಯಾರ ನೋಡಿ ಎಣಿಸುತ್ತಾನೆ. ಗಾಲಿಕುರ್ಚಿಯ ಬ್ಯಾಂಕಿನವರಿದ್ದಾರೆ. ಅವರಿಗಾಗಿ ಮೆಟ್ಟಿಲ ಮೇಲೆ ಹಲಗೆ ಹಾಕಿಸಿದ್ದಾರೆ, ಅವರನ್ನು ಕುರ್ಚಿ ಸಮೇತ ಕಟ್ಟುವ ಒಂದು ವಿಧಾನವನ್ನೇ ಆಂಟಿ ಕಂಡುಹಿಡಿದಿದ್ದಾಳೆ. ಗಂಡಾಗಿ ಹುಟ್ಟಿ ಹೆಣ್ಣಾದ ಒಬ್ಬರು ಟೀಚರ್ ಇದ್ದಾರೆ. ಇಡೀ ಊರಿನಲ್ಲಿ ಮೇಡಂ ಎಂದು ಮೊದಲು ಕರೆಸಿಕೊಂಡದ್ದು ಈ ಕೋಣೆಯಲ್ಲೇ ಎಂದು ಅವರು ಪ್ರತಿ ಸಲವೂ ಹೇಳುತ್ತಾರೆ. ಗೋಡೆಯ ಮೇಲೆ ಎರಡು ರಟ್ಟುಗಳು. ಒಂದರಲ್ಲಿ ‘ಇಲ್ಲಿ ಎಲ್ಲರಿಗೂ ಜಾಗವಿದೆ’. ಇನ್ನೊಂದರಲ್ಲಿ ‘ಹೂಂ ನಡೆಯುವುದಿಲ್ಲ’.

ಎರಡನೆಯದು ಬಂದದ್ದು ಕಿಟಕಿಯಿಂದಾಗಿ. ಕಿಟಕಿ ಎಂದರೆ ಮೂವತ್ತು ದಾಟಿದ ಹೆಂಗಸು, ಯಾವಾಗಲೂ ಕಿಟಕಿಯ ಪಕ್ಕ, ಬಾಗಿಲು ಕಾಣುವ ಹಾಗೆ ಕೂರುತ್ತಾಳೆ, ಹಾಗಾಗಿ ಆ ಹೆಸರು. ಎರಡು ವರ್ಷದ ಹಿಂದೆ, ಅವನು ಇನ್ನೂ ಕೂಟಕ್ಕೆ ಬರುವ ಮುಂಚೆ, ಆಗ ಬರುತ್ತಿದ್ದ ಒಬ್ಬ ಗಂಡಸು ಅವಳನ್ನು ಕಟ್ಟಿದ. ಕಟ್ಟಿದ ಮೇಲೆ ಅವಳು ಒಪ್ಪಿದ ಮಾತಿನಲ್ಲಿ ಇರದಿದ್ದದ್ದನ್ನು ಮಾಡಿದ. ನರ್ಸಣ್ಣ ಆ ಹೊತ್ತಿಗೆ ಹಾಲು ತರಲು ಹೋಗಿದ್ದ. ಆಮೇಲೆ ಕೇಳಿದರೆ ಆ ಗಂಡಸು, ಹೂಂ ಅಂದಳಲ್ಲ ಎಂದ. ಫೋನು ತೆಗೆದು ಹಳೆಯ ಸಂದೇಶಗಳನ್ನು ತೋರಿಸಿದ. ತಲೆಯಾಡಿಸಿದ್ದನ್ನು ಬೇರೆಯವರೂ ನೋಡಿದ್ದಾರೆ ಎಂದ. ಅವನನ್ನು ಓಡಿಸಿದರು, ನಿಯಮ ಮಾಡಿದರು. ಬರೆದದ್ದು ನಡೆಯುವುದಿಲ್ಲ, ತಲೆಯಾಡಿಸುವುದು ನಡೆಯುವುದಿಲ್ಲ, ಹೂಂ ನಡೆಯುವುದಿಲ್ಲ. ಕಟ್ಟಲಾ ಎಂದು ಕೇಳಿದಾಗ, ಆ ಗಳಿಗೆಯಲ್ಲಿ, ಎಲ್ಲರಿಗೂ ಕೇಳಿಸುವಂತೆ, ತಡವರಿಸದೆ ಬೇಕು ಅನ್ನಬೇಕು. ತಡವರಿಸಿದರೆ ಬೇಡ ಎಂದೇ ಅರ್ಥ. ಹಗ್ಗ ಕೆಳಗಿಡಬೇಕು, ಮತ್ತೆ ಕೇಳಬಾರದು. ಈ ನಿಯಮವನ್ನು ಮೊದಲ ಸಲ ಕೇಳಿದಾಗ ಅವನಿಗೆ ಎದೆ ತುಂಬಿ ಬಂದಿತ್ತು. ಎಷ್ಟು ಒಳ್ಳೆಯ ನಿಯಮ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ. ಹಾಗನ್ನಿಸದಿದ್ದರೆ ಕೂಟಕ್ಕೆ ಬರತೊಡಗಿದ ಮೇಲಿನ ಈ ಏಳು ತಿಂಗಳು ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮೊದಲ ದಿನವೇ ತಪ್ಪಿದ್ದು. ಹೊಸದಾಗಿ ಬಂದವರು ಸುತ್ತ ಕೂತವರ ಮುಂದೆ ತಾವು ಏನು ಎಂದು ಹೇಳುವುದು ಇಲ್ಲಿಯ ಪದ್ಧತಿ: ಕಟ್ಟುವವರು, ಕಟ್ಟಿಸಿಕೊಳ್ಳುವವರು, ಎರಡೂ, ನೋಡುವವರು. ಅವನ ಸರದಿ ಬಂದಾಗ ಚಿಲಕ ಬಿತ್ತು. ಎಲ್ಲರೂ ಎಷ್ಟು ಮೃದುವಾಗಿ ಕಾದರು. ಕಾಯುತ್ತ ಕಾಯುತ್ತ ಅವರ ಮುಖಗಳ ಮೇಲೆ ಒಂದು ಕರುಣೆ ಹರಡತೊಡಗಿತು, ಒದ್ದೆ ಬಟ್ಟೆಯ ಮೇಲೆ ಶಾಯಿ ಹರಡುವ ಹಾಗೆ. ಕೊನೆಗೆ ನರ್ಸಣ್ಣ, "ಸುಮ್ನೆ ನೋಡೋಕೆ ಬಂದಿದ್ದೀರಾ? ಅದೂ ಪರವಾಗಿಲ್ಲ ಇಲ್ಲಿ, ಅವಸರ ಇಲ್ಲ" ಅಂದ. ಅವನು ತಲೆಯಾಡಿಸಿದ. ತಲೆಯಾಡಿಸುವುದು ನಡೆಯದ ಕೋಣೆಯಲ್ಲಿ ಅದೊಂದು ತಲೆಯಾಡಿಸುವಿಕೆ ಮಾತ್ರ ಚೆನ್ನಾಗಿ ನಡೆಯಿತು. ಅಂದಿನಿಂದ ಅವನು ನೋಡುವವರು. ಹಗ್ಗಗಳನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕುವವನು, ಸಿಬಿರು ಎದ್ದ ಹಗ್ಗವನ್ನು ಮೇಣ ಹಚ್ಚಿ ತೀಡುವವನು, ಚಹಾ ಮಾಡುವವನು. ಬೇರೆಯವರ ಮಣಿಕಟ್ಟಿನ ಮೇಲೆ ಆಂಟಿಯ ಬೆರಳು ಹಗ್ಗವನ್ನು ಮಡಿಸಿ, ಒಳಗೆ ತೂರಿಸಿ, ಎಳೆಯುವುದನ್ನು ನೋಡುತ್ತ ನೋಡುತ್ತ ಅವನ ಸ್ವಂತ ಮಣಿಕಟ್ಟು ಚುಚ್ಚುತ್ತಿತ್ತು. ನಾಲ್ಕು ವರ್ಷದ ಹಿಂದೆ, ಕೆಲಸದ ಮೇಲೆ ಹೋದ ಬೇರೆ ಊರಿನಲ್ಲಿ, ಅಪರಿಚಿತರ ಇಂಥದೇ ಒಂದು ಕೂಟದಲ್ಲಿ ಅವನನ್ನು ಒಮ್ಮೆ ಕಟ್ಟಿದ್ದರು. ತೋಳುಗಳು ಹಿಂದಕ್ಕೆ, ಎದೆಯ ಸುತ್ತ ಎರಡು ಸುತ್ತು, ನೆಲ ಬಡಿಯುವ ಆ ಬಲಗಾಲೂ ಎಡಗಾಲಿಗೆ ಸೇರಿಸಿ ಬಿಗಿ. ಹುಟ್ಟಿದಂದಿನಿಂದ ಒಳಗೆ ಏನನ್ನೋ ಹೊರಗೆ ನೂಕುತ್ತಲೇ ಇದ್ದ ಮೈ, ಅವತ್ತು ನೂಕುವುದನ್ನು ಬಿಟ್ಟಿತು. ನೂಕಲು ಜಾಗವೇ ಇರಲಿಲ್ಲ. ಆಮೇಲೆ ಮಾತೇನೂ ಸರಾಗವಾಗಲಿಲ್ಲ, ಅಂಥ ಪವಾಡ ಅವನು ಬಯಸಿದವನೂ ಅಲ್ಲ. ತನ್ನ ಮೈ ಸುಮ್ಮನೆ ಇರಬಲ್ಲದು ಎಂದು ಗೊತ್ತಾಯಿತು, ಅಷ್ಟೇ. ಗೊತ್ತಾದದ್ದನ್ನು ಮರೆಯಲು ಆಗಲಿಲ್ಲ.

ಹದಿನೈದು ದಿನದ ಹಿಂದೆ ಧೈರ್ಯ ಮಾಡಿ ನರ್ಸಣ್ಣನಿಗೆ ಸಂದೇಶ ಕಳಿಸಿದ. ತಾನು ನೋಡುವವನಲ್ಲ, ಉಗ್ಗುವವನು ಎಂದು ವಿವರವಾಗಿ ಬರೆದ. ಉತ್ತರ ತಕ್ಷಣ ಬಂತು, ತುಂಬ ಪ್ರೀತಿಯಿಂದಲೇ. ಇದನ್ನು ಎಲ್ಲರ ಮುಂದೆ ನೀವೇ ಹೇಳಬೇಕು, ನಿಮ್ಮ ಪರವಾಗಿ ನಾನು ಮಾತಾಡಿದರೆ ಅದು ನಿಮಗೇ ಅವಮಾನ, ಮುಂದಿನ ಸಲ ಮೊದಲು ನಿಮ್ಮದೇ ವಿಷಯ ತಗೊಳ್ಳೋಣ. ಅದನ್ನು ಓದಿ ಅವನು ಲ್ಯಾಬಿನಲ್ಲಿ ಒಬ್ಬನೇ ನಕ್ಕಿದ್ದ. ಅವನ ಕೆಲಸ ತೂಕದ ಬಟ್ಟುಗಳನ್ನು ಪರೀಕ್ಷಿಸುವುದು. ಅಲ್ಲಿ ಅವನ ಅಡ್ಡಹೆಸರು ಗ್ರಾಮು. ಅಂಗಡಿ, ಕಾರ್ಖಾನೆ, ಔಷಧ ಕಂಪನಿಗಳಿಂದ ಬಂದ ಬಟ್ಟುಗಳನ್ನು ಲ್ಯಾಬಿನ ಮೂಲ ಬಟ್ಟಿನೊಂದಿಗೆ ಹೋಲಿಸಿ, ಎಷ್ಟು ಸರಿ ಎಷ್ಟು ತಪ್ಪು ಎಂದು ಹೇಳಬೇಕು. ಬಟ್ಟನ್ನು ಚಿಮಟದಲ್ಲಿ ಹಿಡಿದು ಗಾಜಿನ ಗೂಡಿನೊಳಗೆ ಇಟ್ಟು ಬಾಗಿಲು ಮುಚ್ಚಿದರೆ ತಕ್ಷಣ ಅಂಕಿ ನಿಲ್ಲುವುದಿಲ್ಲ. ಬಾಗಿಲು ತೆಗೆದಾಗ ನುಗ್ಗಿದ ಗಾಳಿ, ಕೈಯ ಬಿಸಿ, ಪಕ್ಕದ ಕೋಣೆಯಲ್ಲಿ ನಡೆದವರ ಹೆಜ್ಜೆ, ಎಲ್ಲ ಅಡಗಬೇಕು. ಕೊನೆಯ ಅಂಕಿಗಳು ಏಳುತ್ತವೆ, ಬೀಳುತ್ತವೆ, ಮತ್ತೆ ಏಳುತ್ತವೆ. ಹೊಸಬರು ಅವಸರದಲ್ಲಿ ನಡುವೆಯೇ ಓದಿಬಿಡುತ್ತಾರೆ. ಅದು ತೂಕವಲ್ಲ, ಇನ್ನೂ ಆಗುತ್ತಿದೆ, ಕಾಯಿ ಎಂದು ಅವನು ಕೈ ಎತ್ತಿ ಸನ್ನೆ ಮಾಡುತ್ತಾನೆ. ಬಟ್ಟಿಗೆ ತನ್ನ ತೂಕದ ಬಗ್ಗೆ ಅನುಮಾನವಿದೆ ಎಂದು ಆ ಲ್ಯಾಬಿನಲ್ಲಿ ಈವರೆಗೆ ಯಾರೂ ಹೇಳಿಲ್ಲ.

ಆದರೆ ಇದನ್ನು ಇವರ ಮುಂದೆ ಹೇಳಲು ಎಷ್ಟು ಹೊತ್ತು ಬೇಕು. ಮೂರು ಗಂಟೆಗೆ ಎಲ್ಲರೂ ಹಾಸಿದ ಜಮಖಾನದ ಮೇಲೆ ಸುತ್ತ ಕೂತರು. ನರ್ಸಣ್ಣ ಮಾತು ಕೊಟ್ಟಂತೆ ಮೊದಲು ಅವನ ಕಡೆಗೇ ತಿರುಗಿ, ಇವರು ಏನೋ ಹೇಳಬೇಕಂತೆ, ಎಲ್ಲರೂ ಗಮನವಿಟ್ಟು ಕೇಳಿ ಎಂದ. ಗಮನವಿಟ್ಟು. ಹನ್ನೊಂದು ಮುಖಗಳು ಅವನತ್ತ ತಿರುಗಿದವು. ವಾಕ್ಯದ ಮೊದಲ ಪದ ‘ನಾನು’. ನಾಲಗೆಯ ತುದಿ ಹಲ್ಲಿನ ಹಿಂದೆ ಹೋಗಿ ಕೂತಿತು, ಅಲ್ಲೇ ಅಂಟಿಕೊಂಡಿತು. ಬಲಗಾಲು ಜಮಖಾನವನ್ನು ಬಡಿಯತೊಡಗಿತು. ಟೀಚರ್ ಮೇಡಂ ಕಣ್ಣು ಮಿಟುಕಿಸದೆ ನೋಡುತ್ತ ತಾವೇ ತುಟಿ ಅಲುಗಿಸುತ್ತಿದ್ದರು, ಮಗುವಿಗೆ ಪಾಠ ಹೇಳಿಕೊಡುವ ಹಾಗೆ. ಬ್ಯಾಂಕಿನವರು ನೀರಿನ ಬಾಟಲಿ ಅವನ ಕಡೆ ತಳ್ಳಿದರು. ನೀರು ಕುಡಿದರೆ ಹೋಗುವುದಲ್ಲ ಇದು, ಎಂದು ಹೇಳಲೂ ಬಾಯಿ ಬೇಕಲ್ಲ. ಕಡೆಗೆ ‘ನಾನು ನೋಡೋ’ ಎಂಬಷ್ಟು ಹೊರಬಂತು. ಮುಂದಿನದು ಮತ್ತೆ ಸಿಕ್ಕಿಕೊಂಡಿತು. ನರ್ಸಣ್ಣನಿಗೆ ತಡೆಯಲಾಗಲಿಲ್ಲ. ಅವನ ಕಣ್ಣಲ್ಲಿ ನಿಜವಾದ ಸಂಕಟವಿತ್ತು. "ನೋಡೋನಾಗೇ ಇರ್ತೀನಿ, ಇನ್ನೂ ಮನಸ್ಸು ಗಟ್ಟಿ ಆಗಿಲ್ಲ, ಅಂತ ಅಲ್ವಾ? ಅದನ್ನ ಹೇಳೋಕೂ ಧೈರ್ಯ ಬೇಕು. ನಾವ್ಯಾರೂ ಬಲವಂತ ಮಾಡಲ್ಲ." ಯಾರೋ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಇನ್ನಿಬ್ಬರು ಸೇರಿಕೊಂಡರು. ಅವನು ತಲೆಯಾಡಿಸಿದ.

ತಲೆಯಾಡಿಸಿದ ಮರುಗಳಿಗೆಯಲ್ಲಿ ಬಂದ ಹಾಯೆನಿಸುವ ಭಾವವೇ ಅವನಿಗೆ ಹೇಸಿಗೆ ಹುಟ್ಟಿಸಿತು. ಚಹಾ ಮಾಡುವ ನೆಪದಲ್ಲಿ ಎದ್ದು ಮೂಲೆಯ ಸ್ಟೌವಿನ ಹತ್ತಿರ ಹೋದ. ಬೆನ್ನ ಹಿಂದೆ ಕೂಟ ನಗುತ್ತಿತ್ತು, ಆಂಟಿ ಯಾರಿಗೋ ಕಟ್ಟಲಾ ಎನ್ನುತ್ತಿದ್ದಳು, ಆ ಯಾರೋ ಬೇಕು ಎನ್ನುತ್ತಿದ್ದರು. ಎಷ್ಟು ಸುಲಭವಾಗಿ, ಅಂಗಡಿಯಲ್ಲಿ ಸಕ್ಕರೆ ಕೇಳುವ ಹಾಗೆ. ಇವರು ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು. ಶಾಲೆಯಲ್ಲಿ ಉಗ್ಗ ಎಂದು ಕೂಗುತ್ತಿದ್ದ ಹುಡುಗರ ಮೇಲೆ ಕಲ್ಲಾದರೂ ಎತ್ತಬಹುದಿತ್ತು. ಹಾಲು ಉಕ್ಕಿ ಬಂತು, ಉರಿ ಸಣ್ಣ ಮಾಡಿದ. ನರ್ಸಣ್ಣ ಹೇಳಿದ್ದರಲ್ಲಿ ಸ್ವಲ್ಪ ನಿಜವಿದ್ದರೆ? ಇದು ಅವನು ಯಾರಿಗೂ ಹೇಳದ ಯೋಚನೆ. ಹೆಂಡತಿ ಬಿಟ್ಟುಹೋದ ದಿನ ಅವಳು ಇಂಥದೇ ಒಂದು ಸ್ಟೌವಿನ ಮುಂದೆ ನಿಂತಿದ್ದಳು. ನಾನು ಹೋಗ್ಲಾ, ಅಂತ ಕೇಳಿದಳು. ಜಗಳದ ದನಿಯಲ್ಲಲ್ಲ, ನಿಜವಾಗಿ ಕೇಳಿದಳು, ಕಾದಳು. ಏಳು ವರ್ಷ ಕಾದು ಕಾದು ಅವಳಿಗೆ ಕಾಯುವುದು ಚೆನ್ನಾಗಿ ಬರುತ್ತಿತ್ತು. ಅವನ ಕಾಲು ನೆಲ ಬಡಿಯುತ್ತಿತ್ತು, ತುಟಿ ಮುಚ್ಚಿತ್ತು. ಬೇಡ ಎನ್ನಲು ಮುಚ್ಚಿದ ತುಟಿಯೇ ಅದು? ಅಥವಾ ಆ ಬೀಗದ ಹಿಂದೆ ಮಾತೇ ಇರಲಿಲ್ಲವೇ? ಅವಳು ಗೊತ್ತಾಯ್ತು ಎಂದು ಬಾಗಿಲು ಹಾಕಿಕೊಂಡು ಹೋದಳು. ಮೆಟ್ಟಿಲಲ್ಲಿ ಅವಳ ಹೆಜ್ಜೆಯ ಸದ್ದು ಅಡಗಿದ ಮೇಲೆ ಅವನ ಬಾಯಿಂದ ಬೇಡ ಎಂಬ ಮಾತು ಬಂತು, ಸರಾಗವಾಗಿ, ಖಾಲಿ ಅಡುಗೆಮನೆಗೆ. ತಡವಾಗಿ ನಿಂತ ಅಂಕಿ ನಿಜವಾದ ಅಂಕಿಯೇ. ಆದರೆ ಕೆಲವು ತಕ್ಕಡಿಗಳು ನಿಲ್ಲುವುದೇ ಇಲ್ಲ, ಅಲೆಯುತ್ತಲೇ ಇರುತ್ತವೆ. ತಾನು ಯಾವುದೆಂದು ಅವನಿಗೆ ಇವತ್ತಿಗೂ ಖಚಿತವಿಲ್ಲ. ಹಗ್ಗದ ವಿಷಯವೊಂದನ್ನು ಬಿಟ್ಟು. ಅಲ್ಲಿ ಮಾತ್ರ ಅಂಕಿ ಏಳು ತಿಂಗಳಿಂದ ಕದಲದೆ ನಿಂತಿದೆ, ಓದುವವರಿಲ್ಲ.

"ಸಕ್ಕರೆ ಎರಡು ಸಲ ಹಾಕಿದ್ರಿ" ಎಂದಳು ಕಿಟಕಿ. ಯಾವಾಗ ಬಂದು ಪಕ್ಕದಲ್ಲಿ ನಿಂತಿದ್ದಳೋ. ಅವಳು ತನ್ನ ಜಾಗ ಬಿಟ್ಟು ಎದ್ದದ್ದನ್ನೇ ಅವನು ನೋಡಿರಲಿಲ್ಲ. ಅವಳು ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತ, ಅವನ ಮುಖ ನೋಡದೆ, ನೀವು ತಲೆಯಾಡಿಸಿದ್ದು ಸುಳ್ಳು ಅಲ್ವಾ ಎಂದು ಕೇಳಿದಳು. ಅವನು ತಲೆಯಾಡಿಸಹೋಗಿ ನಿಲ್ಲಿಸಿದ. ಅವಳಿಗೆ ನಗು ಬಂತು. ಅವನಿಗೂ ಬಂತು. ಅವಳು ನೋಡದೆ ನಿಂತಿದ್ದರಿಂದಲೋ ಏನೋ, ಕಾಯುವ ಮುಖ ಎದುರಿಗಿಲ್ಲದ್ದರಿಂದ, ಆ ವಾಕ್ಯವನ್ನು ಚೂರು ಚೂರಾಗಿ ಅವಳಿಗೆ ಹೇಳಿ ಮುಗಿಸಿದ. ಚಹಾ ಕೆನೆ ಕಟ್ಟುವಷ್ಟು ಹೊತ್ತು ಹಿಡಿಯಿತು. ಕೊನೆಯಲ್ಲಿ, ಆದರೆ ನಿಯಮ ನಿಮಗೋಸ್ಕರ ಇರೋದು, ನಾನು ಅದನ್ನ ಮುರೀರಿ ಅಂತ ಕೇಳಲಾರೆ, ಎಂದೂ ಸೇರಿಸಿದ. ಈ ಮಾತು ಅವನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದಲ್ಲ. ಅವಳು ಲೋಟ ಜೋಡಿಸುವುದನ್ನು ನಿಲ್ಲಿಸಿದಳು. ಆಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು ಜಮಖಾನದ ಹತ್ತಿರ ಹೋಗಿ, ಕೂರದೆ, ನಿಂತಳು.

ಅವಳು ಕೂಟದಲ್ಲಿ ಮಾತಾಡುವುದೇ ಅಪರೂಪ, ಆದ್ದರಿಂದ ತಾವಾಗಿಯೇ ಎಲ್ಲರೂ ಸುಮ್ಮನಾದರು. ಆಂಟಿ ಕಟ್ಟುತ್ತಿದ್ದವರ ಹಗ್ಗವನ್ನು ಸಡಿಲ ಬಿಟ್ಟಳು. ಕಿಟಕಿ ರಟ್ಟನ್ನು ತೋರಿಸಿ, ಇದನ್ನು ಬರೆದದ್ದು ಯಾರೆಂದು ಕೇಳಿದಳು. ನಾನೇ, ಎಂದ ನರ್ಸಣ್ಣ.

"ಅವತ್ತು ಏನಾಯ್ತು ಅಂತ ನನ್ನನ್ನ ಯಾರೂ ಕೇಳ್ಲಿಲ್ಲ. ನೊಂದಿದ್ದೀನಿ, ಕೆದಕಬಾರದು ಅಂತ ಎಲ್ಲರೂ ಸುಮ್ನಿದ್ರಿ. ನೀವೇ ಊಹಿಸ್ಕೊಂಡು ನಿಯಮ ಮಾಡಿದ್ರಿ, ತಡವರಿಸಿದ್ರೆ ಬೇಡ ಅಂತ ಅರ್ಥ ಅಂತ. ನಾನು ತಡವರಿಸ್ಲೇ ಇಲ್ಲ. ಅವನು ಕೇಳಿದ ತಕ್ಷಣ, ಹೂಂ ಪರವಾಗಿಲ್ಲ ಅಂತ ಥಟ್ಟನೆ ಅಂದೆ. ನಗ್ತಾನೇ ಅಂದೆ. ಅಷ್ಟು ಬೇಗ ಯಾಕಂದೆ ಅಂತ ಎರಡು ವರ್ಷದಿಂದ ಯೋಚಿಸ್ತಿದೀನಿ. ಅವನು ಕಾಯೋ ಹಾಗಾಗಬಾರದು ಅಂತ ಅಂದೆ." ಸ್ಟೌವಿನ ಕಡೆ ಕೈ ತೋರಿಸಿದಳು. "ಈಗ ಇವರು ತಲೆಯಾಡಿಸಿದ್ರಲ್ಲ, ಹಾಗೇನೇ. ನೀವೆಲ್ಲ ಚಪ್ಪಾಳೆ ತಟ್ಟಿದ್ರಿ."

ಕೋಣೆಯಲ್ಲಿ ಗೋಂದಿನ ವಾಸನೆ ಹೆಚ್ಚಾದಂತೆ ಅನ್ನಿಸಿತು. ನರ್ಸಣ್ಣನ ಮುಖ ನೋಡಲು ಅವನಿಗೆ ಆಗಲಿಲ್ಲ. ಅವತ್ತು ತರಲು ಹೋಗಿದ್ದ ಒಂದು ಲೀಟರ್ ಹಾಲಿನ ಭಾರವನ್ನು ಎರಡು ವರ್ಷ ಹೊತ್ತ ಮುಖ ಅದು. ಆಮೇಲೆ ನಡೆದದ್ದು ಮಾತು, ಬರೀ ಮಾತು. ಎಲ್ಲರೂ ಒಬ್ಬರ ಮೇಲೊಬ್ಬರು ಮಾತಾಡಿದರು, ಅವನ ಬಗ್ಗೆ, ಅವನ ಎದುರಿಗೇ, ಅವನಿಗೆ ಏನು ಬೇಕಿರಬಹುದು ಎಂದು. ಟೀಚರ್ ಮೇಡಂ ತಮ್ಮ ಶಾಲೆಯ ಒಬ್ಬ ವಿದ್ಯಾರ್ಥಿಯ ಕಥೆ ಹೇಳಿದರು. ಅವನು ಹಾಡುವಾಗ ಉಗ್ಗುತ್ತಿರಲಿಲ್ಲವಂತೆ, ಇವರೂ ಬೇಕು ಅನ್ನುವುದನ್ನು ಹಾಡಬಹುದಲ್ಲ ಎಂದರು. ಆಂಟಿ, "ಹಾಡ್ಲಿ, ನಾನು ತಾಳ ಹಾಕ್ತೀನಿ" ಅಂದಳು. ಬ್ಯಾಂಕಿನವರು, ಗಾಲಿಕುರ್ಚಿಗೆ ಹಲಗೆ ಹಾಕಿದ ಹಾಗೆ ಮಾತಿಗೂ ಒಂದು ಹಲಗೆ ಹಾಕಿದರಾಯಿತು ಎಂದರು. ಏನು ಹಲಗೆ ಎಂದರೆ ಅವರಿಗೂ ಗೊತ್ತಿರಲಿಲ್ಲ. ನರ್ಸಣ್ಣ ಹಣೆ ಒರೆಸಿಕೊಂಡು, ನಿಯಮ ತೆಗೆಯೋಕಾಗಲ್ಲ, ಅದನ್ನ ನಂಬಿ ಬರೋರಿದ್ದಾರೆ, ಅಂದ. ಆದರೆ ಒಂದು ಮಿತಿ ಹಾಕಿಕೊಳ್ಳಬಹುದು. ಅರ್ಧ ನಿಮಿಷ. ಅಷ್ಟರೊಳಗೆ ಮಾತು ಬಂದರೆ ಅದು ತಡವರಿಸಿದ್ದಲ್ಲ ಎಂದು ಲೆಕ್ಕ. ಅರ್ಧ ನಿಮಿಷ ಧಾರಾಳವಾಯಿತು ಎಂದು ಎಲ್ಲರೂ ಒಪ್ಪಿದರು, ಎಲ್ಲರ ಮುಖವೂ ಹಗುರಾಯಿತು, ಅಂಕಿ ಸಿಕ್ಕಿದಾಗ ಆಗುವ ಹಾಗೆ. ಕಿಟಕಿ ಮಾತ್ರ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವನನ್ನು ಯಾರೂ ಕೇಳಲಿಲ್ಲ. ಮಿತಿಯನ್ನು ಅಳತೆ ಮಾಡಿದ ಮೇಲೆ ಹಾಕುವುದು, ಮೊದಲೇ ಅಲ್ಲ, ಎಂದು ಹೇಳಬೇಕೆನಿಸಿತು ಅವನಿಗೆ. ಅದು ಇನ್ನೊಂದು ಉದ್ದ ವಾಕ್ಯ.

ಸೋಫಾ ಆಂಟಿ ಮಂಡಿಯೂರಿ ಅವನ ಮುಂದೆ ಕೂತಳು. ಅವನೇ ತೀಡಿ ಮೇಣ ಹಚ್ಚಿದ ಹಗ್ಗ ಅವಳ ತೊಡೆಯ ಮೇಲೆ, ನಡುವೆ ಮಡಿಸಿ. ಎಲ್ಲರಿಗೂ, ಯಾರೂ ಉಸಿರೆತ್ತಕೂಡದು, ಇವನ ಬಾಯಿಗೆ ಯಾರೂ ಮಾತು ತುರುಕಕೂಡದು ಎಂದು ಗದರಿದಳು. ನರ್ಸಣ್ಣ ಕೈಗಡಿಯಾರದ ಗುಂಡಿಯ ಮೇಲೆ ಬೆರಳಿಟ್ಟ. ಆಂಟಿ ಮೆಲುದನಿಯಲ್ಲಿ ಕೇಳಿದಳು.

"ಕಟ್ಲಾ ತಮ್ಮಾ?"

ಅವನ ತುಟಿಗಳು ಮುಚ್ಚಿಕೊಂಡವು. ಬೀಗ. ಬಲಗಾಲು ಬಡಿಯತೊಡಗಿತು, ಕತ್ತಿನ ನರ ಉಬ್ಬಿತು. ಈ ಹನ್ನೊಂದು ಜನರ ಮುಂದೆ ತನ್ನ ಮುಖ ಹೇಗೆ ಕಾಣುತ್ತಿದೆಯೆಂದು ಅವನಿಗೆ ಗೊತ್ತು, ಕನ್ನಡಿಯಲ್ಲಿ ನೋಡಿದ್ದಾನೆ. ಆಂಟಿಯ ಬೆರಳಿನ ಗೆಣ್ಣುಗಳಲ್ಲಿ ಗೋಂದಿನ ಹಳದಿ ಹೊಪ್ಪಳೆ. ಬಟ್ಟೆ ಅಂಗಡಿಯಲ್ಲಿ ಅಕ್ಕ ಕಂದು ಬಟ್ಟೆಯನ್ನು ಮೊಳ ಹಾಕಿ ಅಳೆಯುತ್ತಿದ್ದಾಳೆ. ಹಸಿರು ಹ್ಯಾಂಡಲಿನ ತಣ್ಣನೆಯ ಕಬ್ಬಿಣ ಅಂಗೈಗೆ. ಸ್ಟೌವಿನ ಮುಂದೆ ಹೆಂಡತಿ, ಅವಳ ಕೈಯಲ್ಲಿ ಒರೆಸುವ ಬಟ್ಟೆ, ಅವಳು ಕಾಯುತ್ತಿದ್ದ ರೀತಿ, ಕೊನೆಯ ಸಲ ಎಂದು ತೀರ್ಮಾನಿಸಿದ ಮೇಲೂ ಕಾಯುತ್ತಿದ್ದ ರೀತಿ. ಎದುರಿಗೆ ಯಾರೂ ಮಾತು ತುಂಬುತ್ತಿಲ್ಲ, ಇದು ಹೊಸದು. ಟೀಚರ್ ಮೇಡಂ ತಮ್ಮ ತುಟಿಯನ್ನು ಕೈಯಿಂದ ಮುಚ್ಚಿಕೊಂಡಿದ್ದಾರೆ. ಕಿಟಕಿ ಹೊರಗೆ ಬೀದಿಯನ್ನು ನೋಡುತ್ತಿದ್ದಾಳೆ, ಬೇಕೆಂದೇ. ನರ್ಸಣ್ಣನ ಹುಬ್ಬು ಗಂಟಿಕ್ಕಿತು, ಆಮೇಲೆ ಹೆಗಲು ಇಳಿಯಿತು; ಆ ಹೆಗಲು ಇಳಿದ ರೀತಿಯಿಂದಲೇ ಅರ್ಧ ನಿಮಿಷ ಮುಗಿಯಿತೆಂದು ಅವನಿಗೆ ತಿಳಿಯಿತು, ಎಲ್ಲರಿಗೂ ತಿಳಿಯಿತು. ಇನ್ನು ನಿಲ್ಲಿಸಬಹುದು. ಒಂದು ಸಲ ತಲೆ ಅಲ್ಲಾಡಿಸಿದರೆ, ಕೈ ಮುಂದೆ ಮಾಡಿ ಕ್ಷಮಿಸಿ ಎಂಬ ಸನ್ನೆ ಮಾಡಿದರೆ, ಚಹಾ ಕುಡಿದು ಮನೆಗೆ ಹೋಗಬಹುದು, ಎಲ್ಲರೂ ಹಾಯಾಗುತ್ತಾರೆ. ಕತ್ತು ಆ ಅಭ್ಯಾಸಕ್ಕೆ ತಾನಾಗಿ ವಾಲುತ್ತಿತ್ತು. ಅವನು ಅದನ್ನು ನೆಟ್ಟಗೆ ಹಿಡಿದ. ಮಿತಿ ದಾಟಿದ ಮೇಲಿನ ಈ ಹೊತ್ತು ಯಾರದೂ ಅಲ್ಲ, ಲೆಕ್ಕಕ್ಕಿಲ್ಲದ ಹೊತ್ತು, ಇದರಲ್ಲಿ ಬಂದ ಮಾತಿನಿಂದ ಏನೂ ಸಿಗುವುದಿಲ್ಲ. ಆದರೂ ಮಾತು ಅಲ್ಲಿದೆ, ಒಳಗೆ, ಕದಲದೆ. ಅವನು ನೂಕುವುದನ್ನು ಬಿಟ್ಟು ಕಾದ. ಮುಚ್ಚಿದ ತುಟಿ ತಾನೇ ತೆರೆಯಿತು.

"ಬೇಕು."

ಆಂಟಿ ಹಗ್ಗವನ್ನು ಕೆಳಗಿಡಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಎಲ್ಲರೂ ನರ್ಸಣ್ಣನ ಕಡೆ ನೋಡಿದರು. ಅವನು ಗಡಿಯಾರದಿಂದ ಕಣ್ಣೆತ್ತದೆ, ಹೆಬ್ಬೆರಳಿನಿಂದ ಗಾಜನ್ನು ಮುಚ್ಚಿ, ಒಂದು ತರಹ ನಕ್ಕು, "ಇಪ್ಪತ್ತೊಂಬತ್ತು ಅಂತ ಇಟ್ಕೊಳ್ಳೋಣ" ಎಂದ. ಯಾರೋ ನಿಟ್ಟುಸಿರು ಬಿಟ್ಟರು. ಬ್ಯಾಂಕಿನವರು ಸರಿ ಸರಿ ಎಂದು ಕುರ್ಚಿಯ ಕೈ ತಟ್ಟಿದರು. ಈ ದಯೆ ಅವನ ಮೈಮೇಲೆ ಬಿಸಿನೀರಿನ ಹಾಗೆ ಇಳಿಯಿತು. ಹದಿನಾರು ವರ್ಷದ ಕೆಲಸದಲ್ಲಿ ಅವನು ಒಂದು ಬಟ್ಟಿಗೂ ಇಲ್ಲದ ತೂಕ ಬರೆದಿಲ್ಲ. ಹೆಚ್ಚಿದ್ದರೆ ಹೆಚ್ಚು, ಕಡಿಮೆಯಿದ್ದರೆ ಕಡಿಮೆ. ಇಪ್ಪತ್ತೊಂಬತ್ತಕ್ಕೆ ತಲೆಯಾಡಿಸಿದರೆ ಇವತ್ತೇ, ಈಗಲೇ, ಆ ಹಗ್ಗ ಅವನ ಮಣಿಕಟ್ಟಿಗೆ ಬರುತ್ತದೆ. ಅವನ ಮಣಿಕಟ್ಟು ಚುಚ್ಚಿತು. ಅವನು ಬಾಯಿ ತೆರೆದ. ಮತ್ತೆ ಚಿಲಕ ಬಿತ್ತು. ಮತ್ತೆ ಎಲ್ಲರೂ ಕಾಯಬೇಕಾಯಿತು, ಈ ಸಲ ಯಾಕೆಂದು ಯಾರಿಗೂ ಗೊತ್ತಾಗದೆ.

"ಇಲ್ಲ" ಎಂದ ಅವನು. "ಬಂದಿದ್ದು ಎಷ್ಟೋ, ಅಷ್ಟೇ ಹೇಳಿ."

ಕಿಟಕಿ ಬೀದಿಯಿಂದ ಮುಖ ತಿರುಗಿಸಿದಳು. ನರ್ಸಣ್ಣ ಅವನನ್ನು ಬಹಳ ಹೊತ್ತು ನೋಡಿದ. ಈ ಏಳು ತಿಂಗಳಲ್ಲಿ ಅವನು ತನ್ನನ್ನು ನೋಡಿದ್ದು ಇದೇ ಮೊದಲು ಎಂದು ಇವನಿಗೆ ಅನ್ನಿಸಿತು. ಆಮೇಲೆ ನರ್ಸಣ್ಣ ಗಾಜಿನ ಮೇಲಿದ್ದ ಹೆಬ್ಬೆರಳನ್ನು ತೆಗೆದು, ಗಡಿಯಾರವನ್ನು ಬೆಳಕಿಗೆ ಹಿಡಿದು, ಎಲ್ಲರಿಗೂ ಕೇಳಿಸುವಂತೆ ಓದಿದ.

ನಲವತ್ತೊಂದು ಸೆಕೆಂಡು.